ಫ್ಲಾಪ್ ಆಗದ ಫ್ಲಾಪ್ ಶೋ

ಫೆಬ್ರವರಿ ಬಂತೂಂದ್ರೆ ನಮ್ಮಂಥ ಸಾಫ್ಟ್‌ವೇರ್ ಜನಕ್ಕೆ ಒಂದು ವಿಚಿತ್ರ ಕಾಯಿಲೆ ಶುರುವಾಗ್ತಿತ್ತು. ಜ್ವರ, ನೆಗಡಿ ಏನೂ ಇಲ್ಲದಿದ್ದರೂ ಮೆಡಿಕಲ್ ಶಾಪಿನ ಬಿಲ್ಲಿಗಾಗಿ ಅಲೆಯೋ ಕಾಯಿಲೆ. 2018ರವರೆಗೆ ವರ್ಷಕ್ಕೆ 15,000 ರೂಪಾಯಿವರೆಗಿನ ಔಷಧಿ ಬಿಲ್ಲಿಗೆ ಟ್ಯಾಕ್ಸ್ ಇರಲಿಲ್ಲ ನೋಡಿ! ಒಂದು ಸಲ ನಾನೂ ಅವರಿವರ ಬಿಲ್ಲುಗಳನ್ನು ಜೋಡಿಸಿಕೊಂಡು ಕೂತಿದ್ದಾಗ ಥಟ್ಟನೆ ನೆನಪಾದವರು ಜಸ್ಪಾಲ್ ಭಟ್ಟಿ.

1989ರಲ್ಲಿ ನಮ್ಮೂರಿನಲ್ಲಿ ಇದ್ದದ್ದೇ ಎರಡೋ ಮೂರೋ ಟೀವಿ. ಚಾನೆಲ್ ಅಂದರೆ ದೂರದರ್ಶನ ಒಂದೇ. ಹಿಂದಿ ಯಾರಿಗೂ ಅಷ್ಟಾಗಿ ಬರ್ತಿರಲಿಲ್ಲ. ಆದರೂ ಆ ಸರ್ದಾರ್ಜಿ ಮುಖ ಗಂಟು ಹಾಕಿಕೊಂಡು ಮಾತಾಡ್ತಿದ್ದರೆ ಪಡಸಾಲೆ ತುಂಬ ನಗು.

ಭಟ್ಟಿ ಹುಟ್ಟಿದ್ದು 1955ರಲ್ಲಿ, ಅಮೃತಸರದಲ್ಲಿ. ಓದಿದ್ದು ಚಂಡೀಗಢದ ಪಂಜಾಬ್ ಎಂಜಿನಿಯರಿಂಗ್ ಕಾಲೇಜಿನಲ್ಲಿ, ಎಲೆಕ್ಟ್ರಿಕಲ್. ಅಲ್ಲೇ 'ನಾನ್‌ಸೆನ್ಸ್ ಕ್ಲಬ್' ಕಟ್ಟಿಕೊಂಡು ಬೀದಿನಾಟಕ ಆಡಿದರು. 'ದಿ ಟ್ರಿಬ್ಯೂನ್' ಪತ್ರಿಕೆಗೆ ಕಾರ್ಟೂನ್ ಬರೆದರು. ಆಮೇಲೆ ದೂರದರ್ಶನದಲ್ಲಿ 'ಉಲ್ಟಾ ಪುಲ್ಟಾ' ಅನ್ನೋ ಪುಟ್ಟ ಪುಟ್ಟ ತುಣುಕುಗಳು, ನಂತರ 'ಫ್ಲಾಪ್ ಶೋ'. ಅದರಲ್ಲಿ ಹೆಂಡತಿ ಸವಿತಾ ಭಟ್ಟಿಯವರೂ ನಟಿಸಿದ್ದರು. ಇದ್ದದ್ದು ಬರೀ 10 ಕಂತು. ನಿರ್ದೇಶಕ ಅಂತ ಹೆಸರು ಹಾಕಿಕೊಳ್ಳೋ ಕಡೆ 'ಮಿಸ್‌ಡೈರೆಕ್ಟೆಡ್ ಬೈ' ಅಂತ ಹಾಕಿಕೊಂಡಿದ್ದ ಪುಣ್ಯಾತ್ಮ.

ಪಂಜಾಬಿನಲ್ಲಿ ಅದು ಬಂದೂಕಿನ ಕಾಲ. ಪೇಟ ಸುತ್ತಿದವರನ್ನ ಉಳಿದ ದೇಶ ಅನುಮಾನದಿಂದ ನೋಡ್ತಿತ್ತು, ಇಲ್ಲಾ ಸರ್ದಾರ್ಜಿ ಜೋಕು ಹೇಳಿ ನಗ್ತಿತ್ತು. ಅಂಥ ಹೊತ್ತಲ್ಲಿ ಈ ಸರ್ದಾರ್ಜಿ ದೇಶವನ್ನೇ ನಗಿಸಿದರು, ಅದೂ ಸರ್ಕಾರದ ಟೀವಿಯಲ್ಲೇ ಸರ್ಕಾರಿ ಕಚೇರಿಗಳನ್ನ ಗೇಲಿ ಮಾಡಿ.

ನನಗೆ ಈಗ ಮುಖ್ಯ ಅನ್ನಿಸೋದು ಬೇರೆ. ಅವರ ಕಥೆಗಳಲ್ಲಿ ಭ್ರಷ್ಟರು ಅಂದರೆ ಬರೀ ಮಂತ್ರಿಗಳಲ್ಲ. ವಿದ್ಯಾರ್ಥಿ ಕೈಲಿ ಮನೆಗೆಲಸ ಮಾಡಿಸೋ ಪಿಎಚ್.ಡಿ. ಗೈಡು, ಸುಳ್ಳು ಮೆಡಿಕಲ್ ಬಿಲ್ಲು ಕೊಟ್ಟು ದುಡ್ಡು ಹೊಡೆಯೋ ನೌಕರ, ಹೀಗೆ ನಮ್ಮ ನಿಮ್ಮಂಥವರೇ. ಎಷ್ಟೋ ಸಲ ಆ ಕಳ್ಳನ ಪಾತ್ರ ಸ್ವತಃ ಭಟ್ಟಿಯವರದೇ.

2012ರ ಅಕ್ಟೋಬರ್ 25ರ ಬೆಳಗಿನ ಜಾವ ಜಲಂಧರ್ ಹತ್ತಿರ ಕಾರು ಮರಕ್ಕೆ ಗುದ್ದಿ ಭಟ್ಟಿ ತೀರಿಕೊಂಡರು. ಕರೆಂಟಿನ ಗೋಳಿನ ಮೇಲೆ ಅವರು ಮಾಡಿದ್ದ 'ಪವರ್ ಕಟ್' ಸಿನಿಮಾದ ಪ್ರಚಾರಕ್ಕೆ ಓಡಾಡ್ತಿದ್ದರು. ಮಾರನೇ ದಿನವೇ ಅದರ ಬಿಡುಗಡೆ. 2013ರಲ್ಲಿ ಪದ್ಮಭೂಷಣ ಬಂತು, ತಗೊಳ್ಳೋಕೆ ಅವರಿರಲಿಲ್ಲ.

ಆವತ್ತು ರಾತ್ರಿ ಯೂಟ್ಯೂಬಿನಲ್ಲಿ ಆ ಮೆಡಿಕಲ್ ಬಿಲ್ಲಿನ ಕಂತನ್ನ ಮತ್ತೆ ನೋಡಿದೆ. ಈಗ ಹಿಂದಿ ಪೂರ್ತಿ ಅರ್ಥ ಆಗುತ್ತೆ. ಆದರೆ ಚಿಕ್ಕವನಿದ್ದಾಗ ಬಂದಷ್ಟು ನಗು ಬರಲಿಲ್ಲ. ಮೇಜಿನ ಮೇಲಿದ್ದ ಬಿಲ್ಲುಗಳಲ್ಲಿ ನಿಜವಾಗಿ ನನ್ನವು ಅಂತಿದ್ದದ್ದು ಎರಡು. ಅವನ್ನಷ್ಟೇ ಆಫೀಸಿಗೆ ಕೊಟ್ಟೆ. ಒಟ್ಟು 640 ರೂಪಾಯಿ.