ಕಲ್ಯಾಣದ ಕರಿಮೆಣಸು, ಮಲೆನಾಡಿನ ಹಸಿಮೆಣಸು

ಘಾಟಬೋರಾಳದ ಅಂಗಡಿಯೊಂದರ ಮುಂದೆ ನಿಂತು "ಹಸಿಮೆಣಸು ಕೊಡಿ" ಎಂದು ಕೇಳಿ ನೋಡಿರಿ. ನಿಮ್ಮ ಕೈಗೆ ಬರುವುದು ಹಸಿಮೆಣಸಿನಕಾಯಿ. ಕೊಟ್ಟವನದು ತಪ್ಪಲ್ಲ. ಬೀದರ ಜಿಲ್ಲೆಯ ಈ ಬಯಲಿನಲ್ಲಿ ಜೋಳ ಬೆಳೆದೀತು, ತೊಗರಿ ಬೆಳೆದೀತು. ಮೆಣಸಿನ ಬಳ್ಳಿಗೆ ಘಟ್ಟದ ಮಳೆ ಬೇಕು, ಮರದ ಆಸರೆ ಬೇಕು. ಆದರೂ ಮೆಣಸು ಎಂಬ ಮಾತಿಗೆ ಮೊದಲ ಹಕ್ಕುದಾರ ಬಳ್ಳಿಯ ಕಾಳೇ ಹೊರತು ಗಿಡದ ಕಾಯಲ್ಲ. ಕಾಯಿಯ ತವರು ಅಮೆರಿಕ ಖಂಡ. 1498ರಲ್ಲಿ ಪೋರ್ಚುಗೀಸರು ಕಲ್ಲಿಕೋಟೆಯ ಕರೆಗೆ ಬಂದ ತರುವಾಯ ಅವರ ಹಡಗುಗಳೊಡನೆ ಅದು ನಮ್ಮ ದೇಶವನ್ನು ಸೇರಿತು. ಹೊಸಬನಿಗೆ ನಾವು ಹಳಬನ ಹೆಸರನ್ನೇ ಕೊಟ್ಟೆವು. ದಕ್ಷಿಣ ಕನ್ನಡದವರು ಮಾತ್ರ ಹಳೆಯದನ್ನು ಇಂದಿಗೂ 'ಒಳ್ಳೆಮೆಣಸು' ಎಂದು ಕರೆದು ಅದರ ಮರ್ಯಾದೆಯನ್ನು ಉಳಿಸಿಕೊಂಡಿದ್ದಾರೆ.

ಹಾಗಾದರೆ ಅದಕ್ಕೂ ಮುಂಚೆ ನಮ್ಮ ಅಡುಗೆಗೆ ಖಾರ ಎಲ್ಲಿಂದ ಬರುತ್ತಿತ್ತು? ಉತ್ತರ ಪಕ್ಕದ ಬಸವಕಲ್ಯಾಣದಲ್ಲಿಯೇ ಉಂಟು. ಕಲ್ಯಾಣದಲ್ಲಿ ಆಳಿದ ಚಾಳುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 1129ರಲ್ಲಿ 'ಮಾನಸೋಲ್ಲಾಸ'ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಅದರಲ್ಲಿ ಅರಸನ ಊಟಕ್ಕೇ ಮೀಸಲಾದ ಭಾಗವೊಂದಿದೆ. ಉದ್ದಿನ 'ಇಡ್ಡರಿಕಾ' ಎಂಬ ತಿನಿಸಿಗೆ ಅಲ್ಲಿ ಹೇಳಿರುವುದು ಮೆಣಸಿನ ಪುಡಿ, ಜೀರಿಗೆ, ಇಂಗು. ಕೆಂಪು ಖಾರದ ಸುಳಿವೇ ಇಲ್ಲ. ಇರುವುದು ಸಾಧ್ಯವೂ ಇರಲಿಲ್ಲ.

ಆ ಮೆಣಸು ಬೆಳೆಯುವ ಗೇರುಸೊಪ್ಪೆಯ ಸೀಮೆಗೂ ಕಲ್ಯಾಣಕ್ಕೂ ನಡುವಿನ ದಾರಿ ಐನೂರು ಕಿಲೋಮೀಟರಿಗೂ ಮಿಗಿಲು. ಹೇರೆತ್ತಿನ ನಡಿಗೆಗೆ ಅದು ಹಲವು ವಾರಗಳ ಪಯಣ. ಹಸಿಯ ಗೊಂಚಲು ಅಷ್ಟು ದೂರ ಹಸಿರಾಗಿ ಬಂದೀತೆ? ಬಾರದು. ಕಿತ್ತ ಕಾಳನ್ನು ಬಿಸಿಲಿಗೆ ಹರವಿದೊಡನೆ ಸಿಪ್ಪೆಯಲ್ಲಿನ ಕಿಣ್ವವು ಗಾಳಿಯೊಡನೆ ಸೇರಿ ಅದನ್ನು ಕಪ್ಪಾಗಿಸುತ್ತದೆ. ನೀರಾರಿ ಸಿಪ್ಪೆ ಸುಕ್ಕುಗಟ್ಟುತ್ತದೆ. ಹಾಗೆ ಒಣಗಿದ ಕಾಳು ವರ್ಷಗಟ್ಟಲೆ ಕೆಡದು. ಆದುದರಿಂದ ಕರಿಮೆಣಸೆಂಬುದು ಬೇರೊಂದು ಜಾತಿಯಲ್ಲ, ಪ್ರಯಾಣಕ್ಕೆ ಸಿದ್ಧವಾದ ಹಸಿಮೆಣಸು. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು 'ಮೆಣಸಿನ ರಾಣಿ' ಎಂದು ಕರೆದದ್ದೂ ಈ ಒಣಕಾಳಿನ ಬಲದಿಂದಲೇ.

ಹಸಿಯದು ಬೆಳೆದವರ ಮನೆಯಲ್ಲಿಯೇ ಉಳಿಯಿತು. ಒಳಗಿನ ಬೀಜ ಗಟ್ಟಿಯಾಗುವ ಮುನ್ನ ಗೊಂಚಲುಗಳನ್ನು ಕಿತ್ತು, ತೊಳೆದು, ನೆರಳಿನಲ್ಲಿ ನೀರಾರಿಸಿ, ಉಪ್ಪು ಬೆರೆಸಿದ ನಿಂಬೆರಸದಲ್ಲಿ ಮುಳುಗಿಸಿ ಭರಣಿಯಲ್ಲಿ ಇಡುತ್ತಾರೆ. ಉಪ್ಪೂ ಹುಳಿಯೂ ಆ ಕಿಣ್ವದ ಆಟವನ್ನು ಅಡಗಿಸುತ್ತವೆ. ಮೊಸರನ್ನಕ್ಕೆ ಇದಕ್ಕಿಂತ ಒಳ್ಳೆಯ ಜೊತೆ ದುರ್ಲಭ. ಜಜ್ಜಿ ಸಾರಿಗೆ ಹಾಕಿದರೆ ಖಾರಕ್ಕಿಂತ ಮೊದಲು ಪರಿಮಳ ಮೂಗನ್ನು ಮುಟ್ಟುತ್ತದೆ.

ವೈದ್ಯರೂ ಇವೆರಡನ್ನು ಒಂದೆಂದು ಎಣಿಸಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಶುಂಠಿ, ಹಿಪ್ಪಲಿಗಳೊಡನೆ ತ್ರಿಕಟುವಿನಲ್ಲಿ ಸೇರುವುದು ಒಣಮೆಣಸು. ಅದು ತೀಕ್ಷ್ಣ, ಅಗ್ನಿದೀಪಕ, ಪಿತ್ತವನ್ನು ಕೆರಳಿಸುವಂಥದು. ಹಸಿಯದರ ಗುಣವನ್ನು ಭಾವಮಿಶ್ರನ 'ಭಾವಪ್ರಕಾಶ'ವು ಬೇರೆಯಾಗಿಯೇ ಹೇಳುತ್ತದೆ. ಅದು ಪಾಕದಲ್ಲಿ ಮಧುರ, ಜೀರ್ಣಕ್ಕೆ ತುಸು ಜಡ, ಅತಿ ಉಷ್ಣವಲ್ಲ, ಕಫವನ್ನು ಸ್ರವಿಸುವಂತೆ ಮಾಡುತ್ತದೆ, ಪಿತ್ತಕಾರಿಯಲ್ಲ. ಒಂದೇ ಬಳ್ಳಿಯ ಒಂದೇ ಕಾಳಿಗೆ ಎರಡು ಸ್ವಭಾವ! ಹೀಗಿರಲಾಗಿ ಮನೆಮದ್ದು ಮಾಡುವವರು ಒಂದರ ಬದಲಿಗೆ ಇನ್ನೊಂದನ್ನು ಹಾಕುವುದು ಸರಿಯಲ್ಲ.

ಇಂದು ದಾರಿ ಚಿಕ್ಕದಾಗಿದೆ. ಕಲ್ಯಾಣದ ಬಾಣಸಿಗರ ಬಳಿಗೆ ಹಸಿರಾಗಿ ಬರಲಾರದಿದ್ದ ಗೊಂಚಲು ಒಂದೆರಡು ದಿನದಲ್ಲಿ ಬೀದರದ ಮನೆಗೂ ಬರಬಹುದು. ಮಲೆನಾಡಿನಲ್ಲಿ ನೆಂಟರಿದ್ದರೆ ಚಳಿಗಾಲದ ಕುಯ್ಲಿಗೆ ಮುಂಚೆ, ದೀಪಾವಳಿಯ ಆಸುಪಾಸಿನಲ್ಲಿ, ಒಂದು ಮಾತು ಹೇಳಿ ಕಳುಹಿಸಿರಿ. ಕೇಳುವಾಗ ಬರಿಯ 'ಹಸಿಮೆಣಸು' ಎನ್ನದೆ 'ಬಳ್ಳಿಯ ಹಸಿಮೆಣಸು' ಎನ್ನಿರಿ. ಇಲ್ಲವಾದರೆ ಅವರೂ ಮೆಣಸಿನಕಾಯನ್ನೇ ಕಳುಹಿಸಿಯಾರು.