ಸಿಡುಬಿನ ನಿರ್ಮೂಲನ: ಒಂದು ವಿಳಂಬದ ವಿಚಾರ

ಎಡ್ವರ್ಡ್ ಜೆನ್ನರನು ತನ್ನ ಲಸಿಕೆಯ ವಿವರವನ್ನು ಪ್ರಕಟಿಸಿದುದು 1798ರಲ್ಲಿ. 1802ರ ಜೂನ್ 14ರಂದೇ ಮುಂಬಯಿಯ ಮೂರು ವರ್ಷದ ಬಾಲೆಯೊಬ್ಬಳಿಗೆ ಅದನ್ನು ಹಾಕಲಾಯಿತು. ಆದರೂ ಭಾರತದಲ್ಲಿ ಸಿಡುಬು 1975ರವರೆಗೆ ಉಳಿಯಿತು. ಈ ವಿಳಂಬಕ್ಕೆ ಜನರ ದೇವತಾಭಯವೊಂದನ್ನೇ ಹೊಣೆಯಾಗಿಸುವ ವಾಡಿಕೆಯನ್ನು ನಾವು ಒಪ್ಪಲಾರೆವು. ಹಳೆಯ ಲಸಿಕೆ ಬಿಸಿಲಿಗೆ ಕೆಡುತ್ತಿತ್ತು. ತಾಪವನ್ನು ತಾಳಬಲ್ಲ ಒಣಲಸಿಕೆ ಸಿದ್ಧವಾದುದು 1950ರ ದಶಕದಲ್ಲಿ. 1967ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಕಾರ್ಯಕ್ರಮವನ್ನು ತೀವ್ರಗೊಳಿಸಿದ ಮೇಲೆ, ರೋಗಿಯನ್ನು ಹುಡುಕಿ ಸುತ್ತಲಿನವರಿಗೆ ಲಸಿಕೆ ಹಾಕುವ ಕ್ರಮ ಫಲಿಸಿತು. ಕಾರ್ಯಕರ್ತರು ಸಿಡುಬೆದ್ದ ಮಗುವಿನ ಚಿತ್ರವನ್ನು ಹಿಡಿದು ಮನೆಮನೆಗೆ ಹೋದರು. ಸುಳಿವು ಕೊಟ್ಟವರು ಹಳ್ಳಿಗರೇ. 1977ರಲ್ಲಿ ಸೊಮಾಲಿಯದಲ್ಲಿ ಕೊನೆಯ ಸಹಜ ಪ್ರಕರಣ ಕಂಡುಬಂದಿತು. 1980ರ ಮೇ 8ರಂದು ಜಗತ್ತು ಸಿಡುಬುಮುಕ್ತವೆಂದು ಘೋಷಿತವಾಯಿತು. ಲಸಿಕೆಯ ಶೋಧದಷ್ಟೇ ಅದು ಮನೆಬಾಗಿಲನ್ನು ಮುಟ್ಟಿದ ಬಗೆಯೂ ಇತಿಹಾಸಕಾರರ ಗಮನಕ್ಕೆ ಅರ್ಹವೆಂಬುದು ನಮ್ಮ ನಿಲುವು.