ಒಣತುಳಸಿ: ಬಳಕೆ ಮತ್ತು ಎಚ್ಚರಿಕೆ

ಸೊಲ್ಲಾಪುರ, ಅಕ್ಕಲಕೋಟೆ ಭಾಗದ ಕನ್ನಡ ಮನೆಗಳಿಗೆ ತುಳಸಿ ಹೊಸದಲ್ಲ. ಇದೇ ಜಿಲ್ಲೆಯ ಪಂಢರಪುರದಲ್ಲಿ ವಿಠ್ಠಲನಿಗೆ ತುಳಸಿಮಾಲೆ ಸಲ್ಲುತ್ತದೆ. ಆಷಾಢದ ವಾರಿಯಲ್ಲಿ ಮಹಿಳೆಯರು ತುಳಸಿ ವೃಂದಾವನವನ್ನು ತಲೆಯ ಮೇಲೆ ಹೊತ್ತು ನಡೆಯುತ್ತಾರೆ. ಪೂಜೆಯ ಈ ಗಿಡ ಮನೆಮದ್ದೂ ಹೌದು. ಆದರೆ ಪವಿತ್ರವಾದುದು ಎಲ್ಲರಿಗೂ, ಎಷ್ಟಾದರೂ ನಿರಪಾಯವೆಂದು ಭಾವಿಸಲಾಗದು.

ಗುರುತು: ಇದರ ಸಸ್ಯಶಾಸ್ತ್ರೀಯ ಹೆಸರು ಆಸಿಮಮ್ ಟೆನ್ಯುಫ್ಲೋರಮ್, ಪುದೀನದ ಕುಟುಂಬಕ್ಕೆ ಸೇರಿದ್ದು. ಹಸಿರೆಲೆಯ ರಾಮತುಳಸಿ, ನೇರಳೆ ಛಾಯೆಯ ಕೃಷ್ಣತುಳಸಿ ಎರಡೂ ಬಳಕೆಯಲ್ಲಿವೆ. ಮರಾಠಿಯಲ್ಲಿ ಸಬ್ಜಾ ಎನ್ನುವ ಕಾಮಕಸ್ತೂರಿ ಇದರ ಸಮೀಪದ ಬೇರೆ ಗಿಡ. ತುಳಸಿಯ ಪರಿಮಳಕ್ಕೆ ಮುಖ್ಯ ಕಾರಣಗಳಲ್ಲಿ ಒಂದು ಯುಜೆನಾಲ್. ಲವಂಗದಲ್ಲಿಯೂ ಇದೇ ಅಂಶವಿದೆ.

ಒಣಗಿಸುವುದು: ಎಲೆಗಳನ್ನು ತೊಳೆದು, ನೀರು ಆರಿಸಿ, ಗಾಳಿಯಾಡುವ ನೆರಳಿನಲ್ಲಿ ತೆಳುವಾಗಿ ಹರಡಬೇಕು. ನಮ್ಮ ಸೀಮೆಯ ಬಿರುಬಿಸಿಲಿನಲ್ಲಿ ಮಾಳಿಗೆಯ ಮೇಲೆ ಒಣಗಿಸಿದರೆ ಪರಿಮಳದ ತೈಲ ಆವಿಯಾಗಿ ಹೋಗುತ್ತದೆ. ಎಲೆ ಗರಿಗರಿಯಾದ ಮೇಲೆ ಬಿಗಿಮುಚ್ಚಳದ ಡಬ್ಬಿಯಲ್ಲಿ ಇಡಬೇಕು. ಬೂಸ್ಟು ಕಂಡರೆ ಎಸೆಯಬೇಕು. ಮಾರುಕಟ್ಟೆಯ ಹಾರದ ತುಳಸಿಗೆ ಕೀಟನಾಶಕ ಸಿಂಪಡಿಸಿರಬಹುದು. ಸೇವನೆಗೆ ಮನೆಯಂಗಳದ ಎಲೆಯೇ ಲೇಸು.

ಬಳಕೆ: ಒಂದು ಲೋಟ ಕುದಿಯುವ ನೀರಿಗೆ ಒಂದು ಚಹಾ ಚಮಚ ಒಣ ಎಲೆ ಹಾಕಿ, ಐದಾರು ನಿಮಿಷ ಮುಚ್ಚಿಟ್ಟು ಸೋಸಬೇಕು. ನೆಗಡಿ, ಗಂಟಲು ಕೆರೆತಗಳಲ್ಲಿ ಬಿಸಿ ಕಷಾಯ ಹಿತ ನೀಡುತ್ತದೆ. ರಕ್ತದ ಸಕ್ಕರೆಯ ಮೇಲೆ ಇದರ ಪರಿಣಾಮವನ್ನು ಕುರಿತು ಸಣ್ಣ ಪ್ರಯೋಗಗಳು ನಡೆದಿದ್ದರೂ ಮಾತ್ರೆಯ ಬದಲು ಬಳಸಲು ಅವು ಆಧಾರವಾಗಲಾರವು.

ಎಚ್ಚರಿಕೆ: ಮಧುಮೇಹದ ಔಷಧಿಯೊಡನೆ ನಿತ್ಯ ಸೇವಿಸಿದರೆ ಸಕ್ಕರೆಯ ಪ್ರಮಾಣ ತೀರ ಇಳಿಯಬಹುದು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಅಥವಾ ಆಸ್ಪಿರಿನ್ ಸೇವಿಸುವವರು ಮೊದಲು ವೈದ್ಯರನ್ನು ಕೇಳಬೇಕು. ಶಸ್ತ್ರಚಿಕಿತ್ಸೆಗೆ ಎರಡು ವಾರ ಮೊದಲೇ ಸೇವನೆ ನಿಲ್ಲಿಸುವುದು ಕ್ಷೇಮ. ಗರ್ಭಿಣಿಯರು ಮತ್ತು ಸಂತಾನಾಪೇಕ್ಷಿಗಳು ಔಷಧಿಯ ಪ್ರಮಾಣದಲ್ಲಿ ಸೇವಿಸಬಾರದು. ಒಂದು ವರ್ಷದೊಳಗಿನ ಕೂಸಿಗೆ ತುಳಸಿ ರಸದೊಡನೆ ಜೇನು ನೆಕ್ಕಿಸುವುದು ಅಪಾಯಕರ. ಜೇನಿನಲ್ಲಿರಬಹುದಾದ ಬಾಟುಲಿಸಮ್ ರೋಗಾಣು ಶಿಶುವಿನ ಪ್ರಾಣಕ್ಕೆ ಎರವಾಗಬಲ್ಲದು.

ಕೆಮ್ಮು ಎರಡು ವಾರ ಮೀರಿದರೆ ಕಷಾಯವನ್ನೇ ನೆಚ್ಚಿ ಕೂರದೆ ಸರಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಬೇಕು. ಕ್ಷಯರೋಗದ ಪರೀಕ್ಷೆಯೂ ಔಷಧಿಯೂ ಅಲ್ಲಿ ಉಚಿತ. ಮಗುವಿಗೆ ಉಸಿರಾಟ ಕಷ್ಟವಾದರೆ ಒಂದು ದಿನವೂ ಕಾಯಬಾರದು.